ರೇಣುಕಾಸಾಗರದ ದೋಣಿಗೆ ದಿಲ್ಲಿಯ ಸಂಘ ಬೇಕೆ?

ಪ್ರಶ್ನೆ: ಸವದತ್ತಿ ತಾಲೂಕಿನಲ್ಲಿ ನಮ್ಮ ಹೊಲ ರೇಣುಕಾಸಾಗರದ ಹಿನ್ನೀರಿಗೆ ಹತ್ತಿಕೊಂಡೇ ಇದೆ. ಕಾರವಾರದ ಕಡೆಯಿಂದ ಹದಿನೆಂಟು ಅಡಿ ಉದ್ದದ ಹಳೆಯ ಫೈಬರ್ ದೋಣಿಯನ್ನು ಹದಿನೈದು ಅಶ್ವಶಕ್ತಿಯ ಮೋಟರ್ ಸಮೇತ ಕೊಂಡು ತಂದಿದ್ದೇವೆ. ಸದ್ಯಕ್ಕೆ ಮನೆಯವರ ಓಡಾಟಕ್ಕೆ. ಮುಂದೆ ಯಲ್ಲಮ್ಮನ ಗುಡ್ಡಕ್ಕೆ ಬರುವ ಜನರನ್ನು ನೀರಿನಲ್ಲಿ ಸುತ್ತಾಡಿಸುವ ವಿಚಾರವೂ ಉಂಟು. ಅಮೆರಿಕದಲ್ಲಿರುವ ನಮ್ಮ ಭಾವ ಅಲ್ಲಿನ ದೋಣಿ ಮಾಲೀಕರ ರಾಷ್ಟ್ರೀಯ ಸಂಘದ ಸದಸ್ಯರು. ‘ನೀವೂ ನಿಮ್ಮ ದೇಶದ ಸಂಘಕ್ಕೆ ಸೇರಿರಿ, ಅದಿಲ್ಲದೆ ನೀರಿಗೆ ಇಳಿಯಬೇಡಿ’ ಎನ್ನುತ್ತಾರೆ. ಸೇರಿದರೆ ಉಪಯೋಗವಿದೆಯೇ? ದೋಣಿ ನಡೆಸುವವನು ನನ್ನ ಮಗ, ಇಪ್ಪತ್ತೆರಡು ವರ್ಷದವನು. ಅವನಿಗೆ ಬೇರೆ ತರಬೇತಿ ಬೇಕೇ?

ಉತ್ತರ: ನೇರವಾಗಿ ಹೇಳುತ್ತೇನೆ, ಈಗ ಬೇಡ. ನಿಮ್ಮ ಭಾವನ ಮಾತು ಅವರಿರುವ ಊರಿಗೆ ಪೂರ್ತಿ ಸರಿ. ಅದೇ ಮಾತು ನವಿಲುತೀರ್ಥದ ಕಟ್ಟೆಯಿಂದಾದ ನಿಮ್ಮ ಹಿನ್ನೀರಿಗೆ ಏಕೆ ಹೊಂದುವುದಿಲ್ಲ ಎಂದು ತಿಳಿದುಕೊಂಡರೆ, ಸದಸ್ಯತ್ವಕ್ಕೆಂದು ತೆಗೆದಿಟ್ಟ ದುಡ್ಡನ್ನು ಎಲ್ಲಿ ಹಾಕಬೇಕು ಎಂಬುದೂ ಗೊತ್ತಾಗುತ್ತದೆ.

ಅಮೆರಿಕದಲ್ಲಿ ದೋಣಿ ಮಾಲೀಕರ ದೊಡ್ಡ ಸಂಘವೆಂದರೆ 1966ರಲ್ಲಿ ಶುರುವಾದ ಬೋಟ್‌ಯುಎಸ್. ಜನ ಅದಕ್ಕೆ ಸೇರುವುದು ಮುಖ್ಯವಾಗಿ ಒಂದು ಸೇವೆಗಾಗಿ: ನಡುನೀರಿನಲ್ಲಿ ಎಂಜಿನ್ ಕೈಕೊಟ್ಟಾಗ ಫೋನ್ ಮಾಡಿದರೆ, ಸಂಘದ ಜೊತೆ ಒಪ್ಪಂದವಿರುವ ಬೋಟು ಬಂದು ಹಗ್ಗ ಕಟ್ಟಿ ಎಳೆದು ದಡ ಮುಟ್ಟಿಸುತ್ತದೆ. ಇದು ಬೆಳೆಯಲು ಕಾರಣವಿದೆ. ಮೊದಲು ಅಲ್ಲಿನ ಕರಾವಳಿ ಕಾವಲು ಪಡೆಯೇ ಕೆಟ್ಟುನಿಂತ ದೋಣಿಗಳನ್ನು ಎಳೆದು ತರುತ್ತಿತ್ತು. 1980ರ ದಶಕದಲ್ಲಿ ಆ ಪಡೆ ಪ್ರಾಣಾಪಾಯ ಇಲ್ಲದ ಕಡೆ ಎಳೆಯುವ ಕೆಲಸವನ್ನು ಖಾಸಗಿಯವರಿಗೆ ಬಿಟ್ಟುಕೊಟ್ಟಿತು. ಖಾಸಗಿಯವರು ಗಂಟೆಯ ಲೆಕ್ಕದಲ್ಲಿ ಬಿಲ್ಲು ಹಾಕುತ್ತಾರೆ. ಒಂದು ಸಲ ಎಳೆಸಿಕೊಂಡ ಬಿಲ್ಲು ಹಲವು ವರ್ಷಗಳ ಸದಸ್ಯತ್ವದ ಶುಲ್ಕವನ್ನು ಮೀರಬಹುದು. ಆದ್ದರಿಂದ ಅಲ್ಲಿ ಸರೋವರದ ದಂಡೆಯಲ್ಲಿ ಮನೆ ಮಾಡಿಕೊಂಡ ಯಾವ ಕನ್ನಡ ಕುಟುಂಬ ಕೇಳಿದರೂ ಕಣ್ಣುಮುಚ್ಚಿ ‘ಸೇರಿರಿ’ ಎನ್ನುತ್ತೇನೆ. ಆದರೆ ನಿಮ್ಮ ಸರೋವರಕ್ಕೆ ಎಳೆಯುವ ಬೋಟು ಬರುತ್ತದೆಯೇ ಎಂದು ಮೊದಲು ವಿಚಾರಿಸಿ ಎಂಬ ಮಾತನ್ನೂ ಸೇರಿಸುತ್ತೇನೆ.

ಬ್ರಿಟನ್ನಿನ ಕಥೆ ಬೇರೆ. ಅಲ್ಲಿ ಕಡಲಿನಲ್ಲಿ ಅಪಾಯಕ್ಕೆ ಸಿಕ್ಕವರನ್ನು ಕಾಸು ಕೇಳದೆ ಕಾಪಾಡುವ, ದಾನದ ಹಣದಿಂದ ನಡೆಯುವ ಲೈಫ್‌ಬೋಟ್ ಸಂಸ್ಥೆ ಇದೆ. ಅದು ಹುಟ್ಟಿದ್ದು 1824ರ ಮಾರ್ಚಿನಲ್ಲಿ. ಆ ದೇಶದ ದೋಣಿಯವರ ಸಂಘ ರಾಯಲ್ ಯಾಟಿಂಗ್ ಅಸೋಸಿಯೇಷನ್ 1875ರದು. ಅದರ ಬೆಲೆ ಇರುವುದು ಮುಖ್ಯವಾಗಿ ತರಬೇತಿಯಲ್ಲಿ. ಅದರ ಪವರ್‌ಬೋಟ್ ಪ್ರಮಾಣಪತ್ರವನ್ನು ಹಲವು ದೇಶಗಳಲ್ಲಿ ಮಾನ್ಯ ಮಾಡುತ್ತಾರೆ.

ಅಂದರೆ ಸಂಘದ ಹೆಸರಿನ ಹಿಂದೆ ನೀರಿನಲ್ಲಿ ನಿಂತ ಒಂದು ಬೋಟೋ ದಡದಲ್ಲಿ ನಿಂತ ಒಬ್ಬ ಶಿಕ್ಷಕನೋ ಇರಬೇಕು. ನಮ್ಮ ದೇಶದ ಮಟ್ಟದಲ್ಲಿರುವುದು ಯಾಟಿಂಗ್ ಅಸೋಸಿಯೇಷನ್ ಆಫ್ ಇಂಡಿಯಾ. ಅದು ಕ್ರೀಡೆಯ ಒಕ್ಕೂಟ. ಹಾಯಿದೋಣಿ ಸ್ಪರ್ಧೆಗಳು, ರಾಷ್ಟ್ರೀಯ ತಂಡದ ಆಯ್ಕೆ, ಕ್ಲಬ್ಬುಗಳ ಮಾನ್ಯತೆ ಇವೆಲ್ಲ ಅದರ ಕೆಲಸ, ಆ ಕೆಲಸಕ್ಕೆ ಗೌರವವೂ ಇದೆ. ನಿಮ್ಮ ಮನೆಯ ಹುಡುಗಿಯೋ ಹುಡುಗನೋ ಹಾಯಿದೋಣಿಯಲ್ಲಿ ದೇಶಕ್ಕೆ ಆಡಬೇಕೆಂದು ಹೊರಟರೆ ಆ ಬಾಗಿಲು ತಟ್ಟಲೇಬೇಕು. ಹುಟ್ಟು ಹಾಕುವವರಿಗೆ ರೋಯಿಂಗ್ ಫೆಡರೇಷನ್ ಇದೆ, ಕಯಾಕ್ ನಡೆಸುವವರಿಗೆ ಅವರದೇ ಸಂಸ್ಥೆ ಇದೆ. ಇವುಗಳಲ್ಲಿ ಯಾವುದೂ ಸವದತ್ತಿಯ ನೀರಿನಲ್ಲಿ ನಿಮ್ಮ ಮೋಟರ್ ನಿಂತ ಸಂಜೆ ನಿಮ್ಮ ಹತ್ತಿರ ಬರುವುದಿಲ್ಲ. ಬರುತ್ತೇವೆಂದು ಅವು ಹೇಳಿಯೂ ಇಲ್ಲ.

ಇನ್ನೊಂದು ಗೊಂದಲವನ್ನೂ ತೆಗೆದುಬಿಡುತ್ತೇನೆ. 2016ರ ರಾಷ್ಟ್ರೀಯ ಜಲಮಾರ್ಗಗಳ ಕಾಯ್ದೆಯಲ್ಲಿ 111 ಜಲಮಾರ್ಗಗಳ ಪಟ್ಟಿ ಇದೆ, ಅದರಲ್ಲಿ 67ನೆಯದು ನಿಮ್ಮ ಜಲಾಶಯವನ್ನು ತುಂಬಿಸುವ ಮಲಪ್ರಭೆ. ಇದನ್ನು ಕೇಳಿ, ದಿಲ್ಲಿಯವರು ನಮ್ಮ ಹೊಳೆಯನ್ನು ಹೆದ್ದಾರಿ ಮಾಡಿದರು, ಇನ್ನು ದೋಣಿಯವರಿಗೆ ಸವಲತ್ತುಗಳು ಬರುತ್ತವೆ ಎಂದು ನಂಬಿದವರಿದ್ದಾರೆ. ಪಟ್ಟಿಯಲ್ಲಿ ಹೆಸರಿದ್ದರೆ ಎಂ.ಕೆ.ಹುಬ್ಬಳ್ಳಿಯ ಸೇತುವೆಯ ಕೆಳಗೆ ಬೇಸಿಗೆಯಲ್ಲಿ ಕಾಣುವ ಬಂಡೆಗಳು ಕರಗುವುದಿಲ್ಲ. ನವಿಲುತೀರ್ಥದ ಕಟ್ಟೆಯನ್ನು ದಾಟಿ ಮುನವಳ್ಳಿಗೋ ರಾಮದುರ್ಗಕ್ಕೋ ದೋಣಿ ಇಳಿಯುವ ದಾರಿಯೂ ಇಲ್ಲ. ಬೈಲಹೊಂಗಲ ಮತ್ತು ಸವದತ್ತಿ ತಾಲೂಕುಗಳಿಗೆ ಚಾಚಿದ ಹಿನ್ನೀರು ಒಂದು ಲೋಕ, ಕಟ್ಟೆಯ ಕೆಳಗಿನ ರಾಮದುರ್ಗದ ಹೊಳೆ ಇನ್ನೊಂದು ಲೋಕ. ನಿಮ್ಮ ದೋಣಿ ಮೊದಲನೆಯದಕ್ಕೆ ಸೇರಿದ್ದು.

ಆ ನೀರಿನ ಸ್ವಭಾವವನ್ನೇ ನೋಡಿ. ತುಂಬಿದಾಗ 37.73 ಟಿಎಂಸಿ ಹಿಡಿಯುವ ಜಲಾಶಯ ಬೇಸಿಗೆಯ ಕೊನೆಗೆ ಎಷ್ಟು ಕುಗ್ಗುತ್ತದೆ ಎಂಬುದನ್ನು ನಿಮ್ಮ ಹೊಲದ ಬದುವಿನ ಮೇಲೆ ನಿಂತು ನೀವೇ ಕಂಡಿದ್ದೀರಿ. ಇಳಿದ ನೀರಿನ ಗೇಣುದ್ದ ಕೆಳಗೆ ಹಳೆಯ ಬೇಲಿಯ ಗೂಟ, ಮರದ ಬೊಡ್ಡೆ, ಬಾವಿಯ ಕಟ್ಟೆ ಇರುತ್ತವೆ. ಮೇಲಿನಿಂದ ಏನೂ ಕಾಣುವುದಿಲ್ಲ. ಮುಂಗಾರಿನಲ್ಲಿ ಪಡುವಣ ಗಾಳಿ ಬಯಲು ನೀರಿನ ಮೇಲೆ ಓಡಿ ಬಂದು ಗಿಡ್ಡ ಗಿಡ್ಡ ತೆರೆಗಳನ್ನು ಒಂದರ ಹಿಂದೆ ಒಂದು ಎಬ್ಬಿಸುತ್ತದೆ. ಕಡಲಿನ ಉದ್ದ ತೆರೆಯ ಮೇಲೆ ಹಾಯಾಗಿ ಏರಿ ಇಳಿಯುವ ದೋಣಿ ಈ ತೆರೆಗಳಲ್ಲಿ ಮೂತಿಗೆ ಪೆಟ್ಟು ತಿನ್ನುತ್ತದೆ, ಒಳಗೆ ನೀರು ಹಾರುತ್ತದೆ. ಇವೆರಡಕ್ಕಿಂತ ಹೆಚ್ಚಾಗಿ ನಿಮ್ಮನ್ನು ಕಾಡುವುದು ಬಲೆ. ಮೀನುಗಾರರು ಸಂಜೆ ಹಾಸಿದ ಬಲೆ ಬೆಳಗಿನವರೆಗೆ ಅಲ್ಲೇ ಇರುತ್ತದೆ. ಅದರ ಗುರುತು ಬರೀ ತೇಲುವ ಖಾಲಿ ಬಾಟಲಿ. ಮೋಟರಿನ ಫ್ಯಾನಿಗೆ (ಪ್ರೊಪೆಲ್ಲರ್) ಬಲೆ ಸುತ್ತಿಕೊಂಡ ಕೂಡಲೇ ಎಂಜಿನ್ ಗುರುಗುಟ್ಟಿ ನಿಲ್ಲುತ್ತದೆ. ಆಗ ಹಿಂದಕ್ಕೂ ಮುಂದಕ್ಕೂ ಗೇರು ಹಾಕಿ ಎಳೆದಾಡಬಾರದು. ಎಂಜಿನ್ ಪೂರ್ತಿ ಬಂದ್ ಮಾಡಿ, ಮೇಲಕ್ಕೆತ್ತಿ, ಸುತ್ತಿದ ದಿಕ್ಕಿಗೆ ವಿರುದ್ಧವಾಗಿ ಫ್ಯಾನನ್ನು ಕೈಯಿಂದ ತಿರುಗಿಸುತ್ತ ನೂಲು ಬಿಡಿಸಬೇಕು. ಬಲೆ ಇನ್ನೊಬ್ಬನ ಅನ್ನ, ಆದಷ್ಟು ಕತ್ತರಿಸದೆ ಬಿಡಿಸಿ. ಕತ್ತರಿಸಬೇಕಾಗಿ ಬಂದರೆ ಬಲೆಯವನನ್ನು ಹುಡುಕಿ ದುಡ್ಡು ಕೊಡಿ. ಮನೆಗೆ ಬಂದ ಮೇಲೆ ಫ್ಯಾನ್ ಕಳಚಿ ಶಾಫ್ಟಿನ ಬುಡ ನೋಡಿ. ಕೂದಲಿನಂಥ ನೈಲಾನ್ ಎಳೆಯೊಂದು ಅಲ್ಲಿ ಉಳಿದರೆ ದಿನಗಳೆದಂತೆ ಸೀಲನ್ನು ಕೊರೆಯುತ್ತದೆ, ಗೇರು ಎಣ್ಣೆಗೆ ನೀರು ಸೇರುತ್ತದೆ. ಕೆಳಗಿನ ತಿರುಪು ಬಿಚ್ಚಿದಾಗ ಎಣ್ಣೆ ಹಾಲು ಬೆರೆತ ಚಹಾದ ಬಣ್ಣಕ್ಕೆ ತಿರುಗಿದ್ದರೆ ಕೆಲಸ ಕೆಟ್ಟಿತೆಂದೇ ಅರ್ಥ. ಸೀಲಿನ ಬೆಲೆ ಕಡಿಮೆ, ಗೇರುಪೆಟ್ಟಿಗೆಯ ಬೆಲೆ ಕೇಳಿದರೆ ಎದೆ ಒಡೆಯುತ್ತದೆ.

ಇಂಥ ಹೊತ್ತಿಗೆ ಒದಗುವುದು ದೋಣಿಯಲ್ಲೇ ಇರುವ ಎರಡು ಹುಟ್ಟು, ಲಂಗರು, ಉದ್ದನೆಯ ಹಗ್ಗ, ಬಿಡಿ ಫ್ಯಾನು, ಮತ್ತು ಅರ್ಧ ಗಂಟೆಯಲ್ಲಿ ತಲುಪಬಲ್ಲ ಇನ್ನೊಂದು ದೋಣಿ. ಕಡೆಯದನ್ನು ಅಂಗಡಿಯಲ್ಲಿ ಕೊಳ್ಳಲಾಗದು. ಅದರ ಮಾತಿಗೆ ಮುಂದೆ ಬರುತ್ತೇನೆ.

ಮೊದಲು ಕಾಗದಪತ್ರ. ಇದು ನಿಮ್ಮ ಪ್ರಶ್ನೆಯಲ್ಲಿಲ್ಲ, ಆದರೂ ನನಗೆ ಹೆಚ್ಚು ಆತಂಕವಾದದ್ದು ಇಲ್ಲೇ. 1917ರ ಹಳೆಯ ಕಾಯ್ದೆಯ ಜಾಗದಲ್ಲಿ 2021ರ ಒಳನಾಡು ನೌಕೆಗಳ ಕಾಯ್ದೆ ಬಂದಿದೆ, 2022ರ ಜೂನ್‌ನಿಂದ ಜಾರಿಯಲ್ಲಿದೆ. ಯಂತ್ರದಿಂದ ಓಡುವ ಒಳನಾಡಿನ ದೋಣಿಗೆ ತಪಾಸಣೆಯ ಪ್ರಮಾಣಪತ್ರ, ನೋಂದಣಿ, ವಿಮೆ, ನಡೆಸುವವನಿಗೆ ಅರ್ಹತೆ, ಜೀವರಕ್ಷಕ ಸಾಮಗ್ರಿ ಇವನ್ನೆಲ್ಲ ಅದು ಕೇಳುತ್ತದೆ. ಒಮ್ಮೆ ಮಾಡಿಸಿದ ನೋಂದಣಿ ದೇಶದುದ್ದಕ್ಕೂ ನಡೆಯುತ್ತದೆ. ನಮ್ಮ ರಾಜ್ಯದಲ್ಲಿ ಈ ಕೆಲಸ ನೋಡುವುದು ಬಂದರು ಮತ್ತು ಒಳನಾಡು ಜಲಸಾರಿಗೆ ಇಲಾಖೆ, ಅದರ ಕಚೇರಿ ಕಾರವಾರದಲ್ಲಿ. ನಿಮ್ಮ ದೋಣಿ ಬಂದದ್ದೂ ಆ ಕಡೆಯಿಂದಲೇ. ಅದು ಕಡಲ ಮೀನುಗಾರಿಕೆಯ ದೋಣಿಯೆಂದು ಅಲ್ಲಿ ದಾಖಲಾಗಿದ್ದರೆ ಆ ದಾಖಲೆ ಹಿನ್ನೀರಿನಲ್ಲಿ ಜನರನ್ನು ಸುತ್ತಾಡಿಸಲು ಒದಗುವುದಿಲ್ಲ. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ ಮಗುಚಿ 22 ಜನರನ್ನು ಬಲಿ ತೆಗೆದುಕೊಂಡದ್ದು ಮೀನುಗಾರಿಕೆಯ ದೋಣಿಯನ್ನೇ ಪ್ರವಾಸಿಗರಿಗೆಂದು ಮಾರ್ಪಡಿಸಿದ ಬೋಟು. ಮೀನು ಹೊರುವ ದೋಣಿಯ ಸಮತೋಲದ ಲೆಕ್ಕವೇ ಬೇರೆ. ಮೀನು ಕೆಳಗೆ ಬಿದ್ದಿರುತ್ತದೆ, ಜನ ಮೇಲೆ ನಿಲ್ಲುತ್ತಾರೆ, ಫೋಟೋಗೆಂದು ಒಂದೇ ಮಗ್ಗುಲಿಗೆ ಸರಿಯುತ್ತಾರೆ.

ಜಲಾಶಯ ಕರ್ನಾಟಕ ನೀರಾವರಿ ನಿಗಮದ ಕೈಯಲ್ಲಿದೆ, ಆದ್ದರಿಂದ ಅವರ ಅನುಮತಿಯೂ ಬೇಕು. ಕಟ್ಟೆಯ ಗೇಟುಗಳ ಹತ್ತಿರ ಯಾವ ಕಾಲಕ್ಕೂ ಸುಳಿಯಬೇಡಿ. ಇನ್ನೊಂದು ವಿಷಯ ಸವದತ್ತಿಯವರಿಗೇ ಎಷ್ಟೋ ಸಲ ನೆನಪಿರುವುದಿಲ್ಲ: ಹುಬ್ಬಳ್ಳಿ-ಧಾರವಾಡದ ಜನ ಕುಡಿಯುವುದು ಇದೇ ನೀರನ್ನು. ಸವದತ್ತಿಯ ಜಾಕ್‌ವೆಲ್‌ನಿಂದ ಅಮ್ಮಿನಭಾವಿಯ ಶುದ್ಧೀಕರಣ ಘಟಕಕ್ಕೆ ಅದು ಹೋಗುತ್ತದೆ. ಪೆಟ್ರೋಲಿನಲ್ಲೇ ಎಣ್ಣೆ ಬೆರೆಸಿ ಸುಡುವ ಹಳೆಯ ಟೂ-ಸ್ಟ್ರೋಕ್ ಮೋಟರ್ ಸುಡದ ಎಣ್ಣೆಯನ್ನು ನೀರಿಗೇ ಉಗುಳುತ್ತದೆ. ನಿಮ್ಮದು ಅಂಥದ್ದಾದರೆ, ಸದಸ್ಯತ್ವಕ್ಕೆ ಕೊಡಬೇಕೆಂದಿದ್ದ ಹಣಕ್ಕೆ ಇನ್ನಷ್ಟು ಸೇರಿಸಿ ಫೋರ್-ಸ್ಟ್ರೋಕ್ ಮೋಟರಿಗೆ ಬದಲಾಯಿಸಿಕೊಳ್ಳಿ ಎಂದು ಕೈಮುಗಿದು ಕೇಳುತ್ತೇನೆ. ಇಂಧನ ತುಂಬಿಸುವುದನ್ನು ನೀರಿನ ಮೇಲೆ ಮಾಡದೆ ದಡದಲ್ಲೇ ಮುಗಿಸಿ.

ಈಗ ದೇಶಮಟ್ಟದ ಆಸರೆಯ ವಿಷಯ. ನಿಮ್ಮ ಮನೆಯಲ್ಲಿ ಅಥವಾ ಜೊತೆಗಾರರಲ್ಲಿ ಯಾರಾದರೂ ನಿಜವಾಗಿ ಮೀನು ಹಿಡಿದು ಬದುಕುವವರಿದ್ದರೆ ಅವರಿಗೆ ಬೆಲೆಯಿರುವ ಸದಸ್ಯತ್ವ ಒಂದಿದೆ, ಅದು ಊರಿನ ಮೀನುಗಾರರ ಸಹಕಾರ ಸಂಘದ್ದು. ಇಂಥ ಸಂಘಗಳ ಮೇಲೆ ರಾಜ್ಯದ ಒಕ್ಕೂಟ, ಅದರ ಮೇಲೆ ದಿಲ್ಲಿಯಲ್ಲಿ ಫಿಶ್‌ಕಾಪ್‌ಫೆಡ್ ಎಂಬ ರಾಷ್ಟ್ರೀಯ ಒಕ್ಕೂಟ ಇದೆ. 2020ರಲ್ಲಿ ಶುರುವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಮೀನುಗಾರರಿಗೆ ಗುಂಪು ಅಪಘಾತ ವಿಮೆ ಇದೆ. ಸಾವು ಅಥವಾ ಪೂರ್ಣ ಶಾಶ್ವತ ಅಂಗವೈಕಲ್ಯಕ್ಕೆ 5 ಲಕ್ಷ ರೂಪಾಯಿ, ಭಾಗಶಃ ಶಾಶ್ವತ ವೈಕಲ್ಯಕ್ಕೆ 2.5 ಲಕ್ಷ, ಆಸ್ಪತ್ರೆಯ ಖರ್ಚಿಗೆ 25 ಸಾವಿರದವರೆಗೆ. ಕಂತನ್ನು ಸರ್ಕಾರಗಳೇ ಕಟ್ಟುತ್ತವೆ, ಮೀನುಗಾರ ಕಟ್ಟಬೇಕಾಗಿಲ್ಲ. ಹರಿಗೋಲಿನಲ್ಲಿ ಬಲೆ ಬಿಡುವವನಿಗೂ ಇದು ಸಿಗುತ್ತದೆ. ಹೆಸರು ಮಾತ್ರ ಪಟ್ಟಿಯಲ್ಲಿರಬೇಕು. ನಿಮ್ಮ ದಂಡೆಯಲ್ಲಿ ಎಷ್ಟು ಜನರ ಹೆಸರು ಇನ್ನೂ ಸೇರಿಲ್ಲ ಎಂದು ಕೇಳಿ ನೋಡಿ, ಮೀನುಗಾರಿಕೆ ಇಲಾಖೆಯ ತಾಲೂಕು ಕಚೇರಿಗೆ ಅವರನ್ನು ಕರೆದುಕೊಂಡು ಹೋಗಿ. ನಿಮ್ಮ ಮೋಟರ್ ಕೆಟ್ಟಾಗ ಮೊದಲು ಬರುವವರು ಅವರೇ. ನೀವು ಮೀನುಗಾರರಲ್ಲದಿದ್ದರೆ ಈ ವಿಮೆ ನಿಮಗಿಲ್ಲ. ದೋಣಿಗೂ ಮೂರನೆಯವರ ಹಾನಿಗೂ ಬೇರೆ ವಿಮೆ ಕೊಳ್ಳಬೇಕು. ನೋಂದಣಿ ಇಲ್ಲದ ದೋಣಿಗೆ ಕಂಪನಿ ವಿಮೆ ಕೊಡುವುದು ಕಷ್ಟ, ಕೊಟ್ಟರೂ ಪರಿಹಾರದ ಹೊತ್ತಿಗೆ ತಕರಾರು ತೆಗೆಯುತ್ತದೆ. ಅದಕ್ಕೇ ಮೊದಲು ಕಾರವಾರ ಎಂದದ್ದು.

ಹಾಗಾದರೆ ಸಂಘವೇ ಬೇಡವೇ? ಬೇಕು, ಆದರೆ ಇಲ್ಲಿಯದೇ ಬೇಕು. ನನ್ನ ಮುಖ್ಯ ಮಾತು ಇದೇ. ಹಿನ್ನೀರಿನ ಸುತ್ತ ಮೋಟರ್ ಇರುವ ದೋಣಿಗಳ ಮಾಲೀಕರು, ಮೀನುಗಾರರು, ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗಗಳಲ್ಲಿ ಹೊಳೆಯ ಪರಿಚಯವಿರುವವರು ಏಳು ಜನ ಕೂಡಿದರೆ ಸಾಕು, 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಸಂಘ ಕಟ್ಟಬಹುದು. ಇದಕ್ಕೆ ದೂರದ ಮಾದರಿ ಬೇಕಿಲ್ಲ. 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಊರಿನವರನ್ನು ಕೂಡಿಸಿ ಪತ್ತಿನ ಸಹಕಾರ ಸಂಘ ಮಾಡಿದಾಗಲೂ ಆ ಜನ ಮೇಲಿನಿಂದ ಯಾರೋ ಬಂದು ಎತ್ತಲಿ ಎಂದು ಕಾಯಲಿಲ್ಲ. ದಿಲ್ಲಿಯ ಕಾರ್ಡು ಕೊಡಲಾರದ್ದನ್ನು ನಿಮ್ಮ ಸಂಘ ಕೊಡಬಲ್ಲದು: ಎಲ್ಲರ ಫೋನ್ ನಂಬರಿನ ಒಂದು ಪಟ್ಟಿ, ಯಾರು ಯಾವ ಹೊತ್ತಿಗೆ ನೀರಿಗಿಳಿದರು, ಯಾವಾಗ ಬರುತ್ತಾರೆ ಎಂದು ದಡದಲ್ಲಿ ಬರೆದಿಡುವ ಹಲಗೆ, ಬೇಸಿಗೆಯಲ್ಲಿ ನೀರು ಇಳಿದಾಗ ಬೊಡ್ಡೆ, ಬಾವಿಗಳ ಜಾಗ ಗುರುತು ಮಾಡಿ ತುಂಬಿದ ಮೇಲೆ ಅಲ್ಲಿ ಬಿಡುವ ಕೆಂಪು ತೇಲುಗುರುತು, ಬಲೆ ಹಾಸುವ ಜಾಗ ಮತ್ತು ದೋಣಿ ಓಡುವ ದಾರಿಯ ಬಗ್ಗೆ ಮೀನುಗಾರರ ಜೊತೆ ಒಪ್ಪಂದ, ಕೆಟ್ಟ ದೋಣಿಯನ್ನು ಎಳೆದು ತಂದವನಿಗೆ ಪೆಟ್ರೋಲಿನ ಖರ್ಚು ಕೊಡುವ ಚಿಕ್ಕ ನಿಧಿ.

ಇದಕ್ಕೆ ಇನ್ನೊಂದು ಕಾರಣವೂ ಇದೆ, ಅದನ್ನು ರಾಮದುರ್ಗದವರು ನನಗಿಂತ ಚೆನ್ನಾಗಿ ಹೇಳಬಲ್ಲರು. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಮುನವಳ್ಳಿ, ರಾಮದುರ್ಗ ಮತ್ತು ಹೊಳೆಸಾಲಿನ ಹಳ್ಳಿಗಳಿಗೆ ನುಗ್ಗಿದಾಗ ಎಲ್ಲರೂ ಹುಡುಕಿದ್ದು ದೋಣಿಯನ್ನು. ವಿಪತ್ತು ಪಡೆ ಬರುವುದಕ್ಕೆ ಸಮಯ ಹಿಡಿಯುತ್ತದೆ. ಅದೇ ಹೊತ್ತಿಗೆ ಕೃಷ್ಣೆ, ಘಟಪ್ರಭೆಗಳೂ ಉಕ್ಕಿರುತ್ತವೆ, ಜಿಲ್ಲೆಯ ಉದ್ದಗಲಕ್ಕೂ ಕೂಗು ಎದ್ದಿರುತ್ತದೆ. ನೋಂದಣಿಯಾದ, ವಿಮೆಯಿರುವ, ಟ್ರೇಲರಿನ ಮೇಲೆ ಸಿದ್ಧವಾಗಿರುವ ನಾಲ್ಕಾರು ದೋಣಿಗಳ ಪಟ್ಟಿಯನ್ನು ಮುಂಗಾರಿಗೆ ಮುಂಚೆ ನಿಮ್ಮ ಸಂಘ ಆಯಾ ತಹಶೀಲ್ದಾರರಿಗೆ ಕೊಟ್ಟಿಟ್ಟರೆ ಆ ಮೊದಲ ತಾಸುಗಳಿಗೆ ಬೆಲೆ ಬರುತ್ತದೆ. ಆದರೆ ಹರಿಯುವ ನೆರೆಯಲ್ಲಿ ದೋಣಿ ನಡೆಸುವುದು ಹಿನ್ನೀರಿನ ಓಡಾಟದಂತಲ್ಲ. ಅಗ್ನಿಶಾಮಕ ದಳದವರ ಜೊತೆ ಅಭ್ಯಾಸ ಮಾಡದೆ ಯಾರೂ ಅದಕ್ಕೆ ಕೈಹಾಕಬಾರದು. ಕಾಪಾಡಲು ಹೋದವರು ತಾವೇ ಕೊಚ್ಚಿಹೋದ ಸುದ್ದಿಗಳನ್ನು ನಾವೆಲ್ಲ ಓದಿದ್ದೇವೆ.

ಯಲ್ಲಮ್ಮನ ಗುಡ್ಡದ ಜನರನ್ನು ಸುತ್ತಾಡಿಸುವ ವಿಚಾರ ಹೇಳಿದಿರಿ. ಅವಸರ ಮಾಡಬೇಡಿ. ಒಬ್ಬರಿಂದ ಒಂದು ರೂಪಾಯಿ ತೆಗೆದುಕೊಂಡ ಕ್ಷಣದಿಂದ ನೀವು ಪ್ರಯಾಣಿಕರ ದೋಣಿಯವರು, ಹೊಣೆ ಪೂರ್ತಿ ನಿಮ್ಮದು. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಲ್ಲಿ ಲಕ್ಷಗಟ್ಟಲೆ ಜನ ಸೇರುವ ಜಾಗ ಅದು. ಆ ದಿನ ‘ಇನ್ನೊಬ್ಬರು ಹತ್ತಲಿ ಬಿಡಿ, ಮಗು ತಾನೆ, ತೊಡೆಯ ಮೇಲೆ ಕೂತೀತು’ ಎನ್ನುವವರಿಗೆ ಇಲ್ಲ ಎನ್ನುವುದು ಬಹಳ ಕಷ್ಟ. 2019ರ ಜನವರಿ 21ರಂದು ಕಾರವಾರದ ಕೂರ್ಮಗಡದ ಜಾತ್ರೆಯಲ್ಲಿ ಮಿತಿಮೀರಿ ಜನ ಹತ್ತಿದ್ದ ದೋಣಿ ಮಗುಚಿ 16 ಜನ ತೀರಿಕೊಂಡರು, ಅವರಲ್ಲಿ ಚಿಕ್ಕ ಮಕ್ಕಳಿದ್ದರು. ವಡೋದರಾದ ಹರಣಿ ಕೆರೆಯಲ್ಲಿ 2024ರ ಜನವರಿ 18ರಂದು ಶಾಲೆಯ ಪ್ರವಾಸಕ್ಕೆ ಬಂದ 12 ಮಕ್ಕಳು, ಇಬ್ಬರು ಶಿಕ್ಷಕಿಯರು ಹೋದರು. ಅಲ್ಲಿಯೂ ದೋಣಿ ಹೊರಬಹುದಾದದ್ದಕ್ಕಿಂತ ಹೆಚ್ಚು ಜನ ಇದ್ದರು, ಎಲ್ಲರಿಗೂ ಲೈಫ್ ಜಾಕೆಟ್ ಇರಲಿಲ್ಲ. ಅದು ಆಳದ ಕಡಲಲ್ಲ, ಊರ ನಡುವಿನ ಕೆರೆ. ಆದ್ದರಿಂದ ಹೇಳುತ್ತೇನೆ, ತಪಾಸಣೆಯಲ್ಲಿ ಬರೆದುಕೊಟ್ಟ ಸಂಖ್ಯೆಯನ್ನು ದೋಣಿಯ ಮಗ್ಗುಲಿಗೆ ಕನ್ನಡ ಮತ್ತು ಮರಾಠಿಯಲ್ಲಿ ದೊಡ್ಡದಾಗಿ ಬರೆಸಿ. ಜಾಕೆಟ್ ಹಾಕದವರಿಗೆ ಹಲಗೆಯ ಮೇಲೆ ಕಾಲಿಡಲು ಬಿಡಬೇಡಿ, ಊರಿನ ದೊಡ್ಡವರೇ ಆಗಿರಲಿ. ಮಕ್ಕಳ ಅಳತೆಯ ಜಾಕೆಟ್ ಬೇರೆಯೇ ಇಡಿ, ದೊಡ್ಡವರದು ಮಗುವಿನ ತಲೆಯ ಮೇಲಿಂದ ಜಾರಿಹೋಗುತ್ತದೆ. ಹುಣ್ಣಿಮೆಯ ದಟ್ಟಣೆಯ ದಿನಗಳಲ್ಲಂತೂ ಮೊದಲ ಎರಡು ವರ್ಷ ದೋಣಿಯನ್ನು ಇಳಿಸಲೇಬೇಡಿ.

ಕೊನೆಗೆ ನಿಮ್ಮ ಮಗನ ವಿಷಯ. ತರಬೇತಿ ಖಂಡಿತ ಬೇಕು, ಮತ್ತು ಈ ಇಡೀ ಲೆಕ್ಕದಲ್ಲಿ ಅತಿ ಹೆಚ್ಚು ಫಲ ಕೊಡುವ ಖರ್ಚು ಇದೇ. ಗೋವಾದಲ್ಲಿ ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಅಡಿ 1990ರಿಂದ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆ ಇದೆ. ಪವರ್‌ಬೋಟ್ ನಡೆಸುವುದು, ನೀರಿನಲ್ಲಿ ಜೀವ ಉಳಿಸುವುದು ಇವುಗಳ ಕೋರ್ಸುಗಳನ್ನು ಅಲ್ಲಿ ಕಲಿಸಿ ಪ್ರಮಾಣಪತ್ರ ಕೊಡುತ್ತಾರೆ. ಬೆಳಗಾವಿಯಿಂದ ಜಾಂಬೋಟಿ ದಾಟಿ, ಮಲಪ್ರಭೆ ಹುಟ್ಟುವ ಕಣಕುಂಬಿಯ ಮೇಲಿಂದ ಚೋರ್ಲಾ ಘಾಟು ಇಳಿದರೆ ಒಂದು ದಿನದ ದಾರಿಯೂ ಅಲ್ಲ. ಎರಡೂ ಕೋರ್ಸಿಗೆ ಸೇರಿಸಿ. ಅಲ್ಲಿಂದ ಬರುವವರೆಗೆ ಅವನು ಒಂದು ಅಭ್ಯಾಸವನ್ನು ಇವತ್ತಿನಿಂದಲೇ ಶುರು ಮಾಡಲಿ. ಮೋಟರಿನ ಮುಂದೆ ಸುರುಳಿ ಸುರುಳಿಯಾದ ಒಂದು ಕೆಂಪು ದಾರ ಜೋತಾಡುತ್ತಿರುತ್ತದೆ, ನೋಡಿ. ಎಷ್ಟೋ ಜನ ಅದನ್ನು ಹ್ಯಾಂಡಲ್ಲಿಗೆ ಸುತ್ತಿಟ್ಟುಬಿಡುತ್ತಾರೆ. ಅದನ್ನು ಅವನ ತೊಡೆಗೋ ಮುಂಗೈಗೋ ಕಟ್ಟಿಕೊಳ್ಳಬೇಕು. ಬೊಡ್ಡೆಗೆ ತಾಗಿ ಅವನು ನೀರಿಗೆ ಬಿದ್ದರೆ ದಾರ ಕಿತ್ತು ಎಂಜಿನ್ ತಕ್ಷಣ ನಿಲ್ಲುತ್ತದೆ. ಇಲ್ಲವಾದರೆ ನಡೆಸುವವನಿಲ್ಲದ ದೋಣಿ ಒಂದೇ ಕಡೆ ತಿರುಗುತ್ತ, ಬಿದ್ದವನ ಮೇಲೆಯೇ ಮರಳಿ ಬರುತ್ತದೆ. ನಿಮ್ಮ ದೋಣಿ ಹಳೆಯದು, ಆ ದಾರ ಇದೆಯೋ ಇಲ್ಲವೋ, ಎಳೆದಾಗ ಎಂಜಿನ್ ನಿಜವಾಗಿ ನಿಲ್ಲುತ್ತದೆಯೋ ಇಲ್ಲವೋ, ದಡದಲ್ಲಿ ಕಟ್ಟಿಹಾಕಿ ಪರೀಕ್ಷಿಸಿ. ನಿಲ್ಲದಿದ್ದರೆ ಆ ಸ್ವಿಚ್ ರಿಪೇರಿಯಾಗುವವರೆಗೆ ದೋಣಿ ದಡದಲ್ಲೇ ಇರಲಿ.